ಗ್ಯಾಸ್ಟ್ರಿಕ್ ಬ್ಯಾಂಡ್‌ಗೆ ಮೊದಲ ಬಾರಿ ದ್ರವ ತುಂಬಿಸುವಿಕೆ: ಲಾಯಿಲ ಹಾಗೂ ಬೆಳ್ತಂಗಡಿ ತಾಲೂಕಿನ ಸಾರ್ವಜನಿಕರ ಮಾಹಿತಿಗಾಗಿ

ಅತಿಯಾದ ಬೊಜ್ಜಿನ ಚಿಕಿತ್ಸೆಗಾಗಿ ಜಠರದ ಮೇಲ್ಭಾಗಕ್ಕೆ ಸಿಲಿಕೋನ್ ಪಟ್ಟಿಯನ್ನು ಅಳವಡಿಸಿಕೊಂಡಿರುವ ವ್ಯಕ್ತಿಗಳು ಶಸ್ತ್ರಚಿಕಿತ್ಸೆಯ ಕೆಲವು ವಾರಗಳ ಬಳಿಕ ಸದರಿ ಪಟ್ಟಿಗೆ ಸಲೈನ್ ದ್ರವವನ್ನು ತುಂಬಿಸಿಕೊಳ್ಳಬೇಕಾಗುತ್ತದೆ. ಈ ಮೊದಲ ತುಂಬಿಸುವಿಕೆಯ ಸಂದರ್ಭದಲ್ಲಿ ಏನು ನಡೆಯುತ್ತದೆ, ಆನಂತರ ಮನೆಯಲ್ಲಿ ಯಾವ ಎಚ್ಚರಿಕೆ ವಹಿಸಬೇಕು, ಯಾವ ಲಕ್ಷಣ ಕಂಡಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳಬೇಕು ಎಂಬ ವಿವರಗಳನ್ನು ಸಾರ್ವಜನಿಕರ ಅವಗಾಹನೆಗಾಗಿ ಇಲ್ಲಿ ನೀಡಲಾಗಿದೆ. ಲಾಯಿಲ ಗ್ರಾಮವು ಬೆಳ್ತಂಗಡಿ ಪಟ್ಟಣಕ್ಕೆ ಹೊಂದಿಕೊಂಡಿದ್ದರೂ ಇಂತಹ ಚಿಕಿತ್ಸೆಯ ತಜ್ಞರಿಗಾಗಿ ಸುಮಾರು 60 ಕಿ.ಮೀ. ದೂರದ ಮಂಗಳೂರನ್ನೇ ಅವಲಂಬಿಸಬೇಕಾಗಿದೆ. ದ್ರವ ತುಂಬಿಸಿಕೊಳ್ಳುವುದು ಹತ್ತು ಹದಿನೈದು ನಿಮಿಷಗಳ ಕೆಲಸ. ಆದರೆ ಅದೇ ದ್ರವವನ್ನು ನಡುರಾತ್ರಿಯಲ್ಲಿ ತೆಗೆಸಬೇಕಾಗಿ ಬಂದಾಗ ಈ 60 ಕಿ.ಮೀ. ಬಹಳ ದೂರವೆನಿಸುತ್ತದೆ. ಈ ಮಾಹಿತಿಯನ್ನು ಪ್ರಕಟಿಸಲು ಇದೇ ಮುಖ್ಯ ಕಾರಣ.

ಪಟ್ಟಿಯ ಸ್ವರೂಪ

ಗ್ಯಾಸ್ಟ್ರಿಕ್ ಬ್ಯಾಂಡ್ ಎಂಬುದು ಒಳಮೈಯಲ್ಲಿ ಬಲೂನಿನಂತಹ ಪದರವಿರುವ ಉಂಗುರಾಕಾರದ ಪಟ್ಟಿ. ಇದನ್ನು ಜಠರದ ಮೇಲ್ತುದಿಯ ಸುತ್ತ ಕಟ್ಟಿದಾಗ ಅನ್ನನಾಳದ ಕೆಳಗೆ ಒಂದು ಪುಟ್ಟ ಚೀಲ ಉಂಟಾಗುತ್ತದೆ. ಪಟ್ಟಿಯಿಂದ ಹೊರಟ ಸಪೂರವಾದ ಕೊಳವೆಯು ಹೊಟ್ಟೆಯ ಚರ್ಮದ ಅಡಿಯಲ್ಲಿ ಹೊಲಿದಿರುವ ಪೋರ್ಟ್ ಎಂಬ ಚಿಕ್ಕ ಬಿಲ್ಲೆಗೆ ಸೇರುತ್ತದೆ. ಪೋರ್ಟ್‌ಗೆ ಸೂಜಿ ಚುಚ್ಚಿ ಸಲೈನ್ ಸೇರಿಸಿದಲ್ಲಿ ಪಟ್ಟಿ ಬಿಗಿಯಾಗುತ್ತದೆ, ಹೊರತೆಗೆದಲ್ಲಿ ಸಡಿಲವಾಗುತ್ತದೆ. ಜಠರವನ್ನು ಕತ್ತರಿಸುವುದಿಲ್ಲ, ಕರುಳನ್ನು ಮುಟ್ಟುವುದಿಲ್ಲ.

ಲ್ಯಾಪರೋಸ್ಕೋಪಿ ವಿಧಾನದಲ್ಲಿ ಹೊಂದಾಣಿಕೆ ಪಟ್ಟಿಯನ್ನು ಮನುಷ್ಯನಿಗೆ ಮೊದಲು ಅಳವಡಿಸಿದ್ದು 1993ರಲ್ಲಿ, ಬೆಲ್ಜಿಯಂ ದೇಶದಲ್ಲಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2001ರಲ್ಲಿ ಇದಕ್ಕೆ ಅನುಮತಿ ನೀಡಿತು. ಮುಂದಿನ ಹತ್ತು ವರ್ಷಗಳಲ್ಲಿ ಜಗತ್ತಿನಾದ್ಯಂತ ಬಳಕೆ ಹೆಚ್ಚಿತಾದರೂ, ಜಠರದ ಒಂದು ಭಾಗವನ್ನೇ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಬಂದ ಮೇಲೆ ಪಟ್ಟಿಯ ಬಳಕೆ ಬಹಳವಾಗಿ ಕುಗ್ಗಿದೆ. ವರ್ಷಗಳ ನಂತರ ಪಟ್ಟಿ ಜಾರಿದ ಅಥವಾ ಜಠರದ ಗೋಡೆಯನ್ನು ಕೊರೆದ ಕಾರಣ ಅದನ್ನು ತೆಗೆಸಬೇಕಾಗಿ ಬಂದವರು ಕಡಿಮೆಯಲ್ಲ. ಆದ್ದರಿಂದ ಇನ್ನೂ ಶಸ್ತ್ರಚಿಕಿತ್ಸೆಗೆ ಒಳಗಾಗದವರು ಇತರ ವಿಧಾನಗಳ ಬಗ್ಗೆಯೂ ತಜ್ಞರಲ್ಲಿ ವಿಚಾರಿಸಿದ ನಂತರವೇ ತೀರ್ಮಾನ ಕೈಗೊಳ್ಳುವುದು ಸೂಕ್ತ. ಈಗಾಗಲೇ ಪಟ್ಟಿ ಇರುವವರಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿದ್ದಾಗ ಅಳವಡಿಸಿಕೊಂಡು ರಜೆಯಲ್ಲಿ ಅಥವಾ ಶಾಶ್ವತವಾಗಿ ಊರಿಗೆ ಮರಳಿದವರು ಇರಬಹುದು. ಅಂತಹವರಿಗೆ ದಾಖಲೆಗಳ ಕುರಿತಾಗಿ ಮುಂದೆ ತಿಳಿಸಿರುವ ಅಂಶ ವಿಶೇಷವಾಗಿ ಅನ್ವಯಿಸುತ್ತದೆ.

ಮೊದಲ ತುಂಬಿಸುವಿಕೆ ಯಾವಾಗ

ಶಸ್ತ್ರಚಿಕಿತ್ಸೆಯ ದಿನ ಪಟ್ಟಿಯನ್ನು ಸಾಮಾನ್ಯವಾಗಿ ಖಾಲಿಯಾಗಿ ಅಥವಾ ಅತ್ಯಲ್ಪ ದ್ರವದೊಂದಿಗೆ ಬಿಡಲಾಗುತ್ತದೆ. ಊತ ಇಳಿದು, ಪಟ್ಟಿಯು ತನ್ನ ಸ್ಥಾನದಲ್ಲಿ ನೆಲೆಗೊಳ್ಳಲು 4ರಿಂದ 6 ವಾರಗಳು ಬೇಕು. ಅಷ್ಟರಲ್ಲಿ ರೋಗಿಯು ದ್ರವಾಹಾರದಿಂದ ಮೆದು ಆಹಾರಕ್ಕೆ, ಅಲ್ಲಿಂದ ಸಾಧಾರಣ ಊಟಕ್ಕೆ ಬಂದಿರುತ್ತಾರೆ. ಈ ಅವಧಿಯ ಕೊನೆಯಲ್ಲಿ ಹಸಿವು ಮರಳಿ ಬರುತ್ತದೆ. ಇಳಿದಿದ್ದ ತೂಕ ನಿಲ್ಲುತ್ತದೆ, ಕೆಲವರಲ್ಲಿ ಒಂದೆರಡು ಕಿಲೋ ಏರುವುದೂ ಉಂಟು. ಶಸ್ತ್ರಚಿಕಿತ್ಸೆ ವಿಫಲವಾಯಿತೆಂದು ಆತಂಕಪಡುವ ಅಗತ್ಯವಿಲ್ಲ. ಖಾಲಿ ಪಟ್ಟಿಯು ಹಸಿವನ್ನು ತಡೆಯಲಾರದು. ಪಟ್ಟಿಯ ಕೆಲಸ ಆರಂಭವಾಗುವುದೇ ದ್ರವ ತುಂಬಿಸಿದ ಮೇಲೆ.

ದಿನಾಂಕ ನಿಗದಿಪಡಿಸಿಕೊಳ್ಳುವಾಗ ವಾರದ ಮೊದಲ ದಿನಗಳ ಬೆಳಗಿನ ಸಮಯವನ್ನು ಕೋರುವುದು ಒಳಿತು. ಪಟ್ಟಿ ಅತಿಬಿಗಿಯಾದದ್ದು ಕೆಲವೊಮ್ಮೆ ಕೂಡಲೇ ತಿಳಿಯುವುದಿಲ್ಲ. ಕೆಲವು ಗಂಟೆಗಳ ನಂತರ ಅಥವಾ ಮರುದಿನ ಗೊತ್ತಾಗುತ್ತದೆ. ಶನಿವಾರ ಮಧ್ಯಾಹ್ನ ತುಂಬಿಸಿಕೊಂಡು ಊರಿಗೆ ಮರಳಿದವರಿಗೆ ಭಾನುವಾರ ತೊಂದರೆಯಾದಲ್ಲಿ ತಜ್ಞರು ದೊರೆಯುವುದು ಕಷ್ಟ. ಮದುವೆ, ನೇಮ, ಜಾತ್ರೆ ಮುಂತಾದ ಊಟದ ಸಂದರ್ಭಗಳಿಗೆ ಒಂದೆರಡು ದಿನ ಇರುವಾಗಲೂ ತುಂಬಿಸಿಕೊಳ್ಳದಿರುವುದು ಲೇಸು.

ಹೊರಡುವ ಮುನ್ನ

ಅಂದು ಬೆಳಗ್ಗೆ ಲಘು ಆಹಾರ ಸಾಕು. ಹೊಟ್ಟೆ ತುಂಬ ಉಂಡು ಹೋದಲ್ಲಿ, ನಂತರ ಕುಡಿಸಿ ಪರೀಕ್ಷಿಸುವ ನೀರು ವಾಂತಿಯಾಗುವ ಸಂಭವವಿದೆ. ಮೇಲಂಗಿ ಪ್ರತ್ಯೇಕವಾಗಿರುವ ಸಡಿಲ ಉಡುಪು ಧರಿಸತಕ್ಕದ್ದು. ಜ್ವರ, ಕೆಮ್ಮು, ವಾಂತಿ ಅಥವಾ ಪೋರ್ಟ್ ಇರುವ ಜಾಗದಲ್ಲಿ ಕೆಂಪು, ನೋವು, ಕೀವು ಇದ್ದಲ್ಲಿ ಮೊದಲೇ ತಿಳಿಸಬೇಕು. ಸೋಂಕು ಇರುವಾಗ ಸೂಜಿ ಚುಚ್ಚಿದಲ್ಲಿ ಅದು ಒಳಗಿನ ಪಟ್ಟಿಯವರೆಗೂ ಹರಡಬಹುದು. ಗರ್ಭಿಣಿಯರು ಮತ್ತು ಗರ್ಭ ನಿಂತಿರುವ ಸಂಶಯವುಳ್ಳವರು ಕ್ಷ-ಕಿರಣ ಪರೀಕ್ಷೆಗೆ ಮುನ್ನವೇ ಹೇಳತಕ್ಕದ್ದು. ಗರ್ಭಾವಸ್ಥೆಯಲ್ಲಿ ತಾಯಿಗೆ ವಾಂತಿ ಅಥವಾ ಪೋಷಣೆಯ ಕೊರತೆ ಉಂಟಾದಾಗ ಪಟ್ಟಿಯ ದ್ರವವನ್ನು ತೆಗೆದು ಸಡಿಲಗೊಳಿಸಲು ಸಾಧ್ಯವಿದೆ.

ಮಧುಮೇಹಕ್ಕಾಗಿ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಒಂದು ವಿಷಯವನ್ನು ಮರೆಯುವಂತಿಲ್ಲ. ದ್ರವ ತುಂಬಿಸಿದ ನಂತರದ ಒಂದೆರಡು ದಿನ ಆಹಾರ ಬಹಳ ಕಡಿಮೆಯಾಗುತ್ತದೆ. ಔಷಧಿಯನ್ನು ಹಿಂದಿನ ಪ್ರಮಾಣದಲ್ಲಿಯೇ ತೆಗೆದುಕೊಂಡಲ್ಲಿ ರಕ್ತದ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಆ ದಿನಗಳ ಪ್ರಮಾಣವನ್ನು ವೈದ್ಯರಿಂದ ಚೀಟಿಯಲ್ಲಿ ಬರೆಸಿಕೊಂಡೇ ಮನೆಗೆ ಮರಳಬೇಕು.

ಆಸ್ಪತ್ರೆಯಲ್ಲಿ ನಡೆಯುವ ಕ್ರಮ

ಮೊದಲು ತೂಕ ನೋಡಿ, ಒಂದು ಹೊತ್ತಿಗೆ ಎಷ್ಟು ಉಣ್ಣಲಾಗುತ್ತದೆ, ಎಷ್ಟು ಹೊತ್ತಿಗೆ ಮತ್ತೆ ಹಸಿವಾಗುತ್ತದೆ ಎಂದು ವಿಚಾರಿಸುತ್ತಾರೆ. ಇಲ್ಲಿ ಸಂಕೋಚಪಟ್ಟು ಕಡಿಮೆ ಹೇಳುವುದರಿಂದ ಪ್ರಯೋಜನವಿಲ್ಲ. ತುಂಬಿಸುವ ಪ್ರಮಾಣವು ರೋಗಿಯ ಉತ್ತರವನ್ನೇ ಬಹುಮಟ್ಟಿಗೆ ಅವಲಂಬಿಸಿದೆ.

ಬಳಿಕ ಮಂಚದ ಮೇಲೆ ಅಂಗಾತ ಮಲಗಿಸಲಾಗುತ್ತದೆ. ವೈದ್ಯರು ಬೆರಳಿನಿಂದ ಪೋರ್ಟ್ ಹುಡುಕುವಾಗ ತಲೆಯನ್ನೋ ಕಾಲುಗಳನ್ನೋ ಸ್ವಲ್ಪ ಎತ್ತಲು ಹೇಳಬಹುದು. ಹೊಟ್ಟೆಯ ಸ್ನಾಯು ಬಿಗಿಯಾದಾಗ ಪೋರ್ಟ್ ಕೈಗೆ ಸಿಗುತ್ತದೆ. ಕೊಬ್ಬಿನ ಪದರ ದಪ್ಪವಾಗಿದ್ದರೆ ಅಥವಾ ಪೋರ್ಟ್ ಮಗುಚಿಕೊಂಡಿದ್ದರೆ ಕ್ಷ-ಕಿರಣದ ನೆರವು ಬೇಕಾಗುತ್ತದೆ. ಮೊದಲ ಪ್ರಯತ್ನದಲ್ಲಿ ಸೂಜಿ ಸರಿಯಾಗಿ ತಾಗದೆ ಎರಡನೆಯ ಬಾರಿ ಚುಚ್ಚಬೇಕಾಗಿ ಬರುವುದು ಅಪರೂಪವಲ್ಲ. ಚರ್ಮವನ್ನು ಶುದ್ಧಗೊಳಿಸಿ, ಅಗತ್ಯವಿದ್ದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ನೀಡಿ, ಹ್ಯೂಬರ್ ಸೂಜಿಯನ್ನು ಪೋರ್ಟ್‌ಗೆ ಇಳಿಸುತ್ತಾರೆ. ರಕ್ತ ಪರೀಕ್ಷೆಗೆ ಚುಚ್ಚಿದಷ್ಟೇ ನೋವು ಎಂದು ತಿಳಿದರೆ ಸಾಕು. ಅರಿವಳಿಕೆಯಾಗಲೀ ಒಳರೋಗಿಯಾಗಿ ದಾಖಲಾಗುವುದಾಗಲೀ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಸೂಜಿಯ ಕುರಿತು ಒಂದು ಮಾತು ಅಗತ್ಯ. ಹ್ಯೂಬರ್ ಸೂಜಿಯ ತುದಿಯು ಪೋರ್ಟ್‌ನ ರಬ್ಬರಿನಂತಹ ಮುಚ್ಚಳದಿಂದ ಚೂರು ಕಿತ್ತುಬಾರದಂತೆ ರೂಪಿತವಾಗಿದೆ. ಸಾಧಾರಣ ಇಂಜೆಕ್ಷನ್ ಸೂಜಿ ಪದೇ ಪದೇ ಬಳಸಿದಲ್ಲಿ ಮುಚ್ಚಳ ಹಾಳಾಗಿ ದ್ರವ ಸೋರತೊಡಗುತ್ತದೆ. ದೂರದ ಪ್ರಯಾಣ ಉಳಿಯುವುದೆಂಬ ಕಾರಣಕ್ಕೆ ಈ ವಿಷಯದಲ್ಲಿ ತರಬೇತಿ ಇಲ್ಲದವರಿಂದ ಹತ್ತಿರದಲ್ಲೇ ತುಂಬಿಸಿಕೊಳ್ಳುವ ಪ್ರಯತ್ನ ಮಾಡಬಾರದು.

ಪಟ್ಟಿಯ ಸಾಮರ್ಥ್ಯ ಮಾದರಿಯಿಂದ ಮಾದರಿಗೆ ಭಿನ್ನ. ಹಳೆಯ ಮಾದರಿಗಳಲ್ಲಿ ಸುಮಾರು 4 ಮಿ.ಲೀ. ಹಿಡಿದರೆ, ನಂತರ ಬಂದವುಗಳಲ್ಲಿ 10ರಿಂದ 14 ಮಿ.ಲೀ. ಹಿಡಿಯುತ್ತದೆ. ಆದ್ದರಿಂದ ಪರಿಚಯದವರಿಗೆ 3 ಮಿ.ಲೀ. ತುಂಬಿಸಿದರು, ತಮಗೆ 1 ಮಿ.ಲೀ. ಮಾತ್ರ ತುಂಬಿಸಿದರು ಎಂದು ಹೋಲಿಸುವುದರಲ್ಲಿ ಅರ್ಥವಿಲ್ಲ.

ತುಂಬಿಸಿದ ಕೂಡಲೇ ಎದ್ದು ಕುಳ್ಳಿರಿಸಿ ಒಂದು ಲೋಟ ನೀರು ಕುಡಿಯಲು ಕೊಡುತ್ತಾರೆ. ನೀರು ಸರಾಗವಾಗಿ ಇಳಿಯಬೇಕು. ಎದೆಯಲ್ಲಿ ನಿಂತಂತಾದರೆ, ಮೇಲಕ್ಕೆ ಉಕ್ಕಿದರೆ ಅಲ್ಲಿಯೇ ಸ್ವಲ್ಪ ದ್ರವ ತೆಗೆಯುತ್ತಾರೆ. ಕೆಲವು ಕೇಂದ್ರಗಳಲ್ಲಿ ಬೇರಿಯಂ ಕುಡಿಸಿ ಕ್ಷ-ಕಿರಣದ ಪರದೆಯ ಮೇಲೆ ಅದು ಪಟ್ಟಿಯನ್ನು ದಾಟುವ ರೀತಿಯನ್ನು ನೋಡುವ ಪದ್ಧತಿಯೂ ಇದೆ. ಈ ಪರೀಕ್ಷೆ ಆಗದೆ ಹೊರಡಬಾರದು. ದೂರದಿಂದ ಬಂದವರು ಇನ್ನೂ ಒಂದೆರಡು ಗಂಟೆ ಮಂಗಳೂರಿನಲ್ಲಿಯೇ ಇದ್ದು, ಮತ್ತೊಮ್ಮೆ ನೀರು ಕುಡಿದು ನೋಡಿ, ತೊಂದರೆಯಿಲ್ಲವೆಂದು ಖಚಿತವಾದ ಮೇಲೆ ಬಸ್ಸು ಹತ್ತುವುದು ಕ್ಷೇಮ.

ಮೊದಲ ಬಾರಿಗೆ ಏನನ್ನು ನಿರೀಕ್ಷಿಸಬಹುದು

ಬಹುತೇಕರಿಗೆ ಮೊದಲ ತುಂಬಿಸುವಿಕೆಯಿಂದ ದೊಡ್ಡ ಬದಲಾವಣೆ ಕಾಣುವುದಿಲ್ಲ. ವೈದ್ಯರು ಬೇಕೆಂದೇ ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ. ಕೆಲವು ವಾರಗಳ ಅಂತರದಲ್ಲಿ ಎರಡು, ಮೂರು ಅಥವಾ ಹೆಚ್ಚು ಬಾರಿ ತುಂಬಿಸಿದ ಮೇಲೆಯೇ ಸೂಕ್ತ ಬಿಗಿತ ದೊರೆಯುತ್ತದೆ. ಸ್ವಲ್ಪ ಊಟಕ್ಕೇ ತೃಪ್ತಿಯಾಗಿ ಕೆಲವು ಗಂಟೆ ಹಸಿವಾಗದಿರುವುದು ಮತ್ತು ತಿಂದದ್ದು ತೊಂದರೆಯಿಲ್ಲದೆ ಇಳಿಯುವುದು ಸೂಕ್ತ ಬಿಗಿತದ ಲಕ್ಷಣ. ಆನಂತರ ವಾರಕ್ಕೆ ಅರ್ಧದಿಂದ ಒಂದು ಕಿಲೋ ತೂಕ ಇಳಿಯುವುದನ್ನು ಉತ್ತಮ ಪ್ರಗತಿಯೆಂದು ಪರಿಗಣಿಸಲಾಗುತ್ತದೆ.

ತೂಕ ಬೇಗ ಇಳಿಯಲಿ ಎಂಬ ಆತುರದಿಂದ ಇನ್ನಷ್ಟು ತುಂಬಿಸಿ ಎಂದು ವೈದ್ಯರನ್ನು ಒತ್ತಾಯಿಸುವುದು ಸಲ್ಲದು. ಅತಿಬಿಗಿಯಾದ ಪಟ್ಟಿಯಿಂದ ತೂಕ ಇಳಿಯುವುದರ ಬದಲು ಏರುವುದೇ ಹೆಚ್ಚು. ಅನ್ನ, ಪಲ್ಯ, ಮೀನು ಇಳಿಯದಾದಾಗ ರೋಗಿಯು ತಾನಾಗಿಯೇ ಪಾಯಸ, ಐಸ್‌ಕ್ರೀಮ್, ಸಿಹಿ ಚಹಾಗಳತ್ತ ಹೊರಳುತ್ತಾರೆ. ಇವು ಎಂತಹ ಬಿಗಿ ಪಟ್ಟಿಯನ್ನೂ ಜಾರಿಕೊಂಡು ಹೋಗುತ್ತವೆ.

ಮನೆಯಲ್ಲಿ ಆಹಾರ ಕ್ರಮ

ಮೊದಲ 24ರಿಂದ 48 ಗಂಟೆ ದ್ರವಾಹಾರ, ಮುಂದಿನ ಒಂದೆರಡು ದಿನ ಮೆದು ಆಹಾರ, ಬಳಿಕ ಸಾಮಾನ್ಯ ಆಹಾರ ಎಂಬುದು ವಾಡಿಕೆಯ ಕ್ರಮ. ತಮ್ಮ ವೈದ್ಯರು ಬೇರೆ ರೀತಿ ಸೂಚಿಸಿದ್ದಲ್ಲಿ ಅದೇ ಅಂತಿಮ. ಆಸ್ಪತ್ರೆಗಳು ನೀಡುವ ಮುದ್ರಿತ ಪಟ್ಟಿಗಳಲ್ಲಿ ಸೂಪ್, ಓಟ್ಸ್ ಮುಂತಾದ ಹೆಸರುಗಳನ್ನು ಕಂಡು ಅವನ್ನು ಪೇಟೆಯಿಂದ ತರಲೇಬೇಕೆಂದು ಭಾವಿಸಬೇಕಾಗಿಲ್ಲ. ಕರಾವಳಿಯ ಅಡುಗೆಮನೆಯಲ್ಲಿ ಬೇಕಾದದ್ದೆಲ್ಲ ಇದೆ. ಕುಚ್ಚಲಕ್ಕಿ ಗಂಜಿಯ ತಿಳಿ, ಬೊಂಡದ ನೀರು, ಕಡೆದು ಬೆಣ್ಣೆ ತೆಗೆದ ನೀರು ಮಜ್ಜಿಗೆ, ಹೆಸರುಬೇಳೆಯ ತಿಳಿ, ತೆಳ್ಳಗಿನ ರಾಗಿ ಅಂಬಲಿ ಮೊದಲ ಎರಡು ದಿನಕ್ಕೆ ಯೋಗ್ಯ. ನಂತರ ಅನ್ನದ ಅಗುಳು ಕರಗುವಷ್ಟು ಬೇಯಿಸಿ ಕಿವುಚಿದ ಗಂಜಿ, ಬೇಯಿಸಿ ಮಸೆದ ಸೌತೆ ಅಥವಾ ಕುಂಬಳ, ಮೆದುವಾದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು ಸೇವಿಸಬಹುದು.

ಸಾಮಾನ್ಯ ಊಟಕ್ಕೆ ಮರಳಿದ ಮೇಲೂ ಕೆಲವು ಪದಾರ್ಥಗಳು ಪಟ್ಟಿಯಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು: ಒಣ ಚಪಾತಿ, ಬ್ರೆಡ್ಡು, ನಾರಿನ ಕೋಳಿ ಮಾಂಸ, ಬಾಳೆದಿಂಡು, ಹಲಸಿನ ತೊಳೆ, ಅನಾನಸು. ಸಾರಿನಲ್ಲಿ ನೆನೆದ ಕೋರಿ ರೊಟ್ಟಿಯು ಮೆತ್ತಗೆ ಕಂಡರೂ ಗಂಟಲಿಳಿದ ಮೇಲೆ ಮುದ್ದೆಗಟ್ಟಬಹುದಾದ್ದರಿಂದ ಮೊದಲ ತಿಂಗಳು ದೂರವಿಡುವುದು ಮೇಲು. ಬೆಂದ ಕುಚ್ಚಲಕ್ಕಿ ಅನ್ನವನ್ನೂ ಅಗಿಯದೆ ನುಂಗುವ ಅಭ್ಯಾಸ ಅನೇಕರಲ್ಲಿದೆ, ಅದನ್ನು ಬಿಡಲೇಬೇಕು. ತುತ್ತು ಕಡಲೆಕಾಳಿನಷ್ಟಿರಲಿ, ಪ್ರತಿ ತುತ್ತನ್ನೂ ಚೆನ್ನಾಗಿ ಅಗಿದು, ಒಂದು ಇಳಿದ ಮೇಲೆ ಮತ್ತೊಂದನ್ನು ತೆಗೆದುಕೊಳ್ಳತಕ್ಕದ್ದು. ಊಟದ ನಡುವೆ ನೀರು ಕುಡಿಯಬಾರದು. ಸೋಡಾ ಹಾಗೂ ಗ್ಯಾಸ್ ತುಂಬಿದ ಪಾನೀಯಗಳು ವರ್ಜ್ಯ. ದೊಡ್ಡ ಗಾತ್ರದ ಮಾತ್ರೆಗಳನ್ನು ಪುಡಿಮಾಡಬಹುದೇ ಎಂದು ವೈದ್ಯರನ್ನು ಕೇಳಿಯೇ ಪುಡಿಮಾಡಬೇಕು. ಎಲ್ಲ ಮಾತ್ರೆಗಳನ್ನೂ ಹಾಗೆ ಮಾಡುವಂತಿಲ್ಲ. ಮೈಕೈ ನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದರಿಂದ ಪಟ್ಟಿಯ ಬಳಿ ಹುಣ್ಣಾಗುವ ಅಪಾಯವಿದೆ.

ಬಡಿಸಿದ್ದನ್ನು ಬಿಡಬಾರದೆಂಬುದು ಊರಿನ ಸಂಪ್ರದಾಯ. ಮನೆಯವರು ಪ್ರೀತಿಯಿಂದ ಒತ್ತಾಯಿಸುವ ಒಂದು ಸೌಟು ಹೆಚ್ಚಿನ ಅನ್ನವೇ ವಾಂತಿಗೆ ಕಾರಣವಾಗುತ್ತದೆ. ಈ ಪುಟವನ್ನು ಮನೆಯಲ್ಲಿ ಬಡಿಸುವವರೂ ಓದುವುದು ಅಪೇಕ್ಷಣೀಯ.

ತುರ್ತು ಲಕ್ಷಣಗಳು

ಒಂದು ತುತ್ತು ಸಿಕ್ಕಿಕೊಂಡು ಎದೆ ಒತ್ತಿದಂತಾಗಿ, ಬಾಯಲ್ಲಿ ಜೊಲ್ಲು ತುಂಬಿ, ಆ ತುತ್ತು ಹೊರಬಂದ ಮೇಲೆ ನೆಮ್ಮದಿಯಾಗುವುದುಂಟು. ಅಂತಹ ಸಂದರ್ಭದಲ್ಲಿ ಊಟ ನಿಲ್ಲಿಸಿ, ಆ ದಿನ ದ್ರವಾಹಾರಕ್ಕೆ ಮರಳಿದರೆ ಸಾಕು. ಆದರೆ ಈ ಕೆಳಗಿನವುಗಳನ್ನು ಕಡೆಗಣಿಸುವಂತಿಲ್ಲ:

– ಕೆಲವು ಗಂಟೆಗಳಿಂದ ನೀರು ಕೂಡ ಇಳಿಯದಿರುವುದು, ತನ್ನ ಎಂಜಲನ್ನೇ ನುಂಗಲಾಗದಿರುವುದು;
– ಎದೆ ಅಥವಾ ಹೊಟ್ಟೆಯಲ್ಲಿ ತೀವ್ರವಾದ, ಬಿಡದ ನೋವು; ವಾಂತಿಯಲ್ಲಿ ರಕ್ತ;
– ರಾತ್ರಿ ಮಲಗಿದಾಗ ಆಹಾರ ಗಂಟಲಿಗೆ ಬಂದು ಕೆಮ್ಮು, ಉಸಿರು ಕಟ್ಟುವಿಕೆ;
– ಮೂತ್ರ ಕಡಿಮೆಯಾಗಿ ತಲೆಸುತ್ತು ಬರುವುದು;
– ಜ್ವರದೊಂದಿಗೆ ಪೋರ್ಟ್ ಬಳಿ ಕೆಂಪಾಗಿ ಊದುವುದು.

ಇಲ್ಲಿ ಒಂದು ಶಬ್ದದ ಗೊಂದಲವನ್ನು ಪ್ರಸ್ತಾಪಿಸದೆ ವಿಧಿಯಿಲ್ಲ. ನಮ್ಮ ಕಡೆ ಗ್ಯಾಸ್ಟ್ರಿಕ್ ಎಂದರೆ ಹೊಟ್ಟೆಯುರಿ, ಹುಳಿತೇಗು ಎಂದೇ ರೂಢಿಯ ಅರ್ಥ. ಪಟ್ಟಿ ಬಿಗಿಯಾಗಿ ಎದೆಯುರಿ ಬಂದಾಗ ರೋಗಿಯೂ ಮನೆಯವರೂ ಅದನ್ನು ಬರಿಯ ಗ್ಯಾಸ್ಟ್ರಿಕ್ ಎಂದು ತಿಳಿದು, ಜೀರಿಗೆ ಕಷಾಯ ಅಥವಾ ಔಷಧದಂಗಡಿಯ ಮಾತ್ರೆಯಲ್ಲಿ ದಿನ ಕಳೆಯುವ ಸಾಧ್ಯತೆಯಿದೆ. ಆಸ್ಪತ್ರೆಯ ಗಡಿಬಿಡಿಯಲ್ಲಿ ಗ್ಯಾಸ್ಟ್ರಿಕ್ ಎಂಬ ಒಂದು ಶಬ್ದ ಮಾತ್ರ ಕಿವಿಗೆ ಬಿದ್ದಲ್ಲಿ ಅಲ್ಲಿಯೂ ಅದೇ ಚಿಕಿತ್ಸೆ ದೊರೆಯಬಹುದು. ಆದ್ದರಿಂದ ಜಠರದ ಸುತ್ತ ಶಸ್ತ್ರಚಿಕಿತ್ಸೆಯಿಂದ ಪಟ್ಟಿ ಹಾಕಲಾಗಿದೆ, ಚರ್ಮದಡಿ ಪೋರ್ಟ್ ಇದೆ, ಇಂತಹ ದಿನ ಇಷ್ಟು ಮಿ.ಲೀ. ತುಂಬಿಸಲಾಗಿದೆ ಎಂದು ಬಿಡಿಸಿ ಹೇಳಬೇಕು. ಪೋರ್ಟ್ ಇರುವ ಜಾಗವನ್ನು ಕೈಯಿಂದ ತೋರಿಸಬೇಕು.

ಹತ್ತಿರದ ಬೆಳ್ತಂಗಡಿ ತಾಲೂಕು ಸಾರ್ವಜನಿಕ ಆಸ್ಪತ್ರೆಗೆ ಮೊದಲು ತೆರಳುವುದರಲ್ಲಿ ತಪ್ಪಿಲ್ಲ. ರಕ್ತನಾಳದ ಮೂಲಕ ದ್ರವ ನೀಡಿ ನಿರ್ಜಲೀಕರಣವನ್ನು ತಡೆಯುವುದು ಅಲ್ಲಿ ಸಾಧ್ಯ. ಅಷ್ಟರಿಂದಲೇ ಮುಂದಿನ ಪ್ರಯಾಣ ಸುರಕ್ಷಿತವಾಗುತ್ತದೆ. ಆದರೆ ಪಟ್ಟಿಯ ದ್ರವ ತೆಗೆಯದೆ ಮೂಲ ತೊಂದರೆ ಪರಿಹಾರವಾಗದು. ಶಸ್ತ್ರಚಿಕಿತ್ಸೆ ನಡೆಸಿದ ವಿಭಾಗದ ದೂರವಾಣಿ ಸಂಖ್ಯೆಯನ್ನು ಕರ್ತವ್ಯದಲ್ಲಿರುವ ವೈದ್ಯರಿಗೆ ನೀಡಿ, ಅವರಿಬ್ಬರೂ ನೇರವಾಗಿ ಮಾತನಾಡುವಂತೆ ಕೋರಬೇಕು. ಜೀವಾಪಾಯದ ಸಂದರ್ಭದಲ್ಲಿ ದ್ರವವನ್ನು ಎಲ್ಲಿ, ಹೇಗೆ ತೆಗೆಯಬೇಕೆಂಬ ತೀರ್ಮಾನ ವೈದ್ಯರದು. 108 ಆಂಬುಲೆನ್ಸ್ ಸೇವೆಗೆ ಶುಲ್ಕವಿಲ್ಲ.

ದಿನಕ್ಕೆ ಹಲವು ಬಾರಿ ವಾಂತಿಯಾಗುತ್ತಿದ್ದು ಹೇಗೋ ಸಹಿಸಿಕೊಂಡಿರುವವರಿಗೆ ಬೇರೊಂದು ಅಪಾಯವಿದೆ. ವಾರಗಳ ಕಾಲ ವಾಂತಿ ಮುಂದುವರಿದಲ್ಲಿ ದೇಹದಲ್ಲಿ ಥಯಾಮಿನ್ ಎಂಬ ಬಿ1 ಜೀವಸತ್ವ ಬರಿದಾಗಿ ಕಣ್ಣು ಮಂಜಾಗುವುದು, ನಡಿಗೆ ತತ್ತರಿಸುವುದು, ಮರೆವು ಕಾಣಿಸಿಕೊಳ್ಳುವುದು ಮುಂತಾದ ನರಸಂಬಂಧಿ ತೊಂದರೆಗಳಾಗುತ್ತವೆ. ತಡವಾದಲ್ಲಿ ಇವು ಪೂರ್ಣವಾಗಿ ಗುಣವಾಗದಿರಬಹುದು. ತೂಕ ಇಳಿಯುತ್ತಿದೆಯೆಂಬ ಸಮಾಧಾನದಲ್ಲಿ ವಾಂತಿಯನ್ನು ಒಪ್ಪಿಕೊಳ್ಳಬಾರದು.

ದಾಖಲೆಗಳು

ಪಟ್ಟಿಯ ಮಾದರಿ, ಸಾಮರ್ಥ್ಯ, ಅಳವಡಿಸಿದ ದಿನಾಂಕ, ಪೋರ್ಟ್ ಇರುವ ಸ್ಥಳ, ಪ್ರತಿ ಬಾರಿ ತುಂಬಿಸಿದ ಹಾಗೂ ತೆಗೆದ ಪ್ರಮಾಣ, ಒಟ್ಟು ಶಿಲ್ಕು – ಇವಿಷ್ಟನ್ನೂ ಒಂದು ಪುಸ್ತಕದಲ್ಲಿ ಬ್ಯಾಂಕಿನ ಪಾಸ್ ಪುಸ್ತಕದಂತೆ ಬರೆಸಿಟ್ಟುಕೊಳ್ಳಬೇಕು. ಹಿಂದಿನ ಶಿಲ್ಕು ಗೊತ್ತಿಲ್ಲದ ವೈದ್ಯರು ಒಳಗಿರುವುದನ್ನೆಲ್ಲ ಹೊರತೆಗೆದು ಅಳೆದು ಹೊಸದಾಗಿ ಆರಂಭಿಸಬೇಕಾಗುತ್ತದೆ. ಇದ್ದ ಶಿಲ್ಕಿಗಿಂತ ಕಡಿಮೆ ಹೊರಬಂದರೆ ಸೋರಿಕೆ ಇದೆಯೆಂದು ಅನುಮಾನಿಸಲಾಗುತ್ತದೆ. ಪುಸ್ತಕವಿಲ್ಲದಿದ್ದರೆ ಅದೂ ತಿಳಿಯದು. ಎಂ.ಆರ್.ಐ. ಸ್ಕ್ಯಾನ್‌ಗೆ ಹೋಗುವಾಗಲೂ ಪಟ್ಟಿಯ ಮಾದರಿ ತಿಳಿಸಬೇಕಾಗುತ್ತದೆ. ಹೊರದೇಶದಲ್ಲಿ ಅಳವಡಿಸಿಕೊಂಡವರು ಈ ದಾಖಲೆಗಳನ್ನು ಅಲ್ಲಿಂದ ಹೊರಡುವ ಮುನ್ನವೇ ಪಡೆಯತಕ್ಕದ್ದು. ಊರಿಗೆ ಬಂದ ಮೇಲೆ ತರಿಸಿಕೊಳ್ಳುವುದು ಸುಲಭವಲ್ಲ. ದೇಶದೊಳಗಿನ ಆಸ್ಪತ್ರೆಗಳಿಗೆ ಸಂಬಂಧಿಸಿದಂತೆ, ರೋಗಿಯು ಕೋರಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆ ನೀಡಬೇಕೆಂದು ವೈದ್ಯರ ವೃತ್ತಿನಡತೆಯ 2002ರ ನಿಯಮಾವಳಿ ವಿಧಿಸಿದೆ. ಕೋರಿಕೆಯನ್ನು ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು.

ವೆಚ್ಚ ಮತ್ತು ಸೌಲಭ್ಯ

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ಚಿಕಿತ್ಸಾ ಸೌಲಭ್ಯವಿದೆ; ಎ.ಪಿ.ಎಲ್. ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವಾರ್ಷಿಕ ರೂ. 1.5 ಲಕ್ಷದ ಮಿತಿಗೊಳಪಟ್ಟು ದೊರೆಯುತ್ತದೆ. ಇದು ಯೋಜನೆಯ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ ಮಾತ್ರ ಅನ್ವಯ. ಹೊರರೋಗಿಯಾಗಿ ನಡೆಯುವ ದ್ರವ ತುಂಬಿಸುವಿಕೆಯ ಶುಲ್ಕವನ್ನು ಸ್ವಂತ ವೆಚ್ಚವೆಂದೇ ಲೆಕ್ಕದಲ್ಲಿಟ್ಟುಕೊಳ್ಳುವುದು ವಾಸ್ತವಿಕ. ತುರ್ತು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಕಡ್ಡಾಯವಲ್ಲ. ಪತ್ರವಿಲ್ಲವೆಂದು ಮಂಗಳೂರಿಗೆ ಹೊರಡುವುದನ್ನು ಮುಂದೂಡಬಾರದು. ಪಡಿತರ ಚೀಟಿ ಮತ್ತು ಆಧಾರ್ ಜೊತೆಯಲ್ಲಿರಲಿ.

ಖಾಸಗಿ ಆರೋಗ್ಯ ವಿಮೆ ಉಳ್ಳವರು ಪಾಲಿಸಿಯಲ್ಲಿನ ಬೊಜ್ಜು ಚಿಕಿತ್ಸೆಯ ಷರತ್ತನ್ನು ಓದತಕ್ಕದ್ದು. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಒಕ್ಕಣೆಯಂತೆ, ವಯಸ್ಸು 18 ತುಂಬಿದ್ದು, ದೇಹ ತೂಕ ಸೂಚ್ಯಂಕ 40 ಅಥವಾ ಹೆಚ್ಚು ಇರಬೇಕು. ಇಲ್ಲವೇ 35 ಅಥವಾ ಹೆಚ್ಚು ಇದ್ದು ಹೃದ್ರೋಗ, ತೀವ್ರ ನಿದ್ರಾ ಉಸಿರುಕಟ್ಟು, ಹತೋಟಿಗೆ ಬಾರದ ಮಧುಮೇಹದಂತಹ ತೊಂದರೆಗಳಿರಬೇಕು. 160 ಸೆಂ.ಮೀ. ಎತ್ತರದವರಿಗೆ ಸೂಚ್ಯಂಕ 40 ಎಂದರೆ ಸುಮಾರು 102 ಕಿಲೋ, 35 ಎಂದರೆ ಸುಮಾರು 90 ಕಿಲೋ.

ಪಟ್ಟಿಯ ಶಸ್ತ್ರಚಿಕಿತ್ಸೆಗೆ ದರ ವಿಚಾರಿಸುವಾಗ ಮೊದಲ ವರ್ಷದಲ್ಲಿ ಎಷ್ಟು ಬಾರಿ ತುಂಬಿಸುವುದು ಆ ದರದಲ್ಲಿ ಸೇರಿದೆ, ತುರ್ತಾಗಿ ತೆಗೆಸುವುದಕ್ಕೆ ಪ್ರತ್ಯೇಕ ಶುಲ್ಕವಿದೆಯೇ ಎಂದು ಕೇಳಿ ಬರವಣಿಗೆಯಲ್ಲಿ ಪಡೆಯಬೇಕು. ಖಾಸಗಿ ಆಸ್ಪತ್ರೆಯ ಶುಲ್ಕ ಅಥವಾ ಸೇವೆಗೆ ಸಂಬಂಧಿಸಿದ ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ಸಲ್ಲಿಸಬಹುದು. ಸಾಮಾನ್ಯ ಆರೋಗ್ಯ ಸಲಹೆಗೆ 104 ಸಹಾಯವಾಣಿ ಲಭ್ಯವಿದೆ. ಆದರೆ ನೀರು ಇಳಿಯದ ಸ್ಥಿತಿಯಲ್ಲಿ 104ಕ್ಕೆ ಕರೆ ಮಾಡಿ ಕಾಯದೆ 108ಕ್ಕೇ ಕರೆ ಮಾಡತಕ್ಕದ್ದು.